ಗೋಡೆಯಾಚೆ ಕಾಣುವ ಆವಕಾಯ ಗಾರು

ಅನುಮಾನಪಡುವುದಕ್ಕೆ ಸಂಬಳ ಪಡೆಯುವ ಜನ ಲೋಕದಲ್ಲಿ ಕಡಿಮೆ. ಉಳಿದವರೆಲ್ಲ ಆ ಕೆಲಸವನ್ನು ಬಿಟ್ಟಿಯಾಗಿ ಮಾಡುತ್ತಾರೆ. ನಾನು ಆಂಧ್ರದ ಪರವಾಡದ ಒಂದು ಮಾತ್ರೆ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದವನು. ಲ್ಯಾಬಿನ ಹುಡುಗರು ಬಂದು "ಸಾರ್, ರಿಸಲ್ಟ್ ಬಹಳ ಚೆನ್ನಾಗಿ ಬಂದಿದೆ" ಎಂದರೆ ಬೇರೆಯವರಿಗೆ ಖುಷಿಯಾಗುತ್ತದೆ, ನಾನು ಮೂಲ ದಾಖಲೆ ತರಿಸುತ್ತೇನೆ. ಯಾಕೆ ಚೆನ್ನಾಗಿ ಬಂತು? ಬಂದಿದ್ದನ್ನು ಯಾರು ನೋಡಿದರು? ನೋಡಿದವರನ್ನು ಯಾರು ನೋಡಿದರು? ಈ ಚಟ ಮನೆಯವರೆಗೂ ಬಂದು, ಒಂದು ಬೆಳಗ್ಗೆ ಉಪ್ಪಿಟ್ಟಿನ ಮುಂದೆ ಕೂತು "ಉಪ್ಪು ಹಾಕಿದ್ದು ಖಾತ್ರಿ ಐತೇನು?" ಎಂದು ಕೇಳಿಬಿಟ್ಟೆ. ನನ್ನ ಹೆಂಡತಿ ಸುಮಂಗಲಾ ಸೌಟು ಹಿಡಿದುಕೊಂಡೇ "ಹಾಕಾಕಿ ನಾನು, ತಿನ್ನಾವ್ರು ನೀವು. ನಡಬರಕ ಸಾಕ್ಷಿಗೆ ಇನ್ನೊಬ್ಬರು ಯಾಕ ಬೇಕ್ರಿ?" ಎಂದಳು. ಅನುಮಾನದ ಜೊತೆಗೆ ದೇವರು ನನಗೆ ಚಡಪಡಿಕೆಯನ್ನೂ ಕೊಟ್ಟಿದ್ದಾನೆ. ಕೂತಲ್ಲಿ ಕೂಡಲಾರೆ, ನಿಂತಲ್ಲಿ ನಿಲ್ಲಲಾರೆ. ಕೂತರೆ ಬಲಗಾಲು ತಾನಾಗಿ ಅಲುಗಾಡುತ್ತದೆ. "ಕಾಲ ಅಲುಗಿಸಬ್ಯಾಡೋ, ಮನಿಗೆ ದರಿದ್ರ ಬರ್ತೈತಿ" ಎಂದು ನಮ್ಮವ್ವ ನವಲಗುಂದದಲ್ಲಿ ಹೇಳುತ್ತಿದ್ದ ಮಾತನ್ನು ಈಗ ನಮ್ಮ ಗಾಜುವಾಕದ ಮನೆಯಲ್ಲಿ ಸುಮಂಗಲಾ ಒಂದು 'ರಿ' ಸೇರಿಸಿ ಹೇಳುತ್ತಾಳೆ.

ಇಂಥ ನಾನು ದಿನಾ ಸಂಜೆ ಕಂಪನಿ ಬಸ್ಸಿನಲ್ಲಿ ಸಾಯುತ್ತಿದ್ದೆ. ಗಾಬರಿಯಾಗಬೇಡಿ, ಮೊಬೈಲ್ ಆಟದಲ್ಲಿ. ಇಬ್ಬಿಬ್ಬರ ಜೋಡಿಗಳು ಒಂದು ಪಾಳುಬಿದ್ದ ಊರಿಗೆ ಇಳಿಯುತ್ತವೆ, ಮನೆಮನೆ ಹೊಕ್ಕು ಬಂದೂಕು ಹುಡುಕುತ್ತವೆ, ಉಳಿದ ಜೋಡಿಗಳನ್ನು ಹೊಡೆದುಹಾಕುತ್ತವೆ. ಕೊನೆಗೆ ಉಳಿದ ಜೋಡಿ ಗೆದ್ದಂತೆ. ಐವತ್ತರ ಹತ್ತಿರ ಬಂದ, ಬಿ.ಪಿ. ಮಾತ್ರೆ ನುಂಗುವ ಮನುಷ್ಯ ಆಡುವ ಆಟವಲ್ಲ, ಒಪ್ಪುತ್ತೇನೆ. ಬಂದರಿಗೆ ಹೋಗುವ ಲಾರಿಗಳ ಸಾಲಿನ ಹಿಂದೆ ನಮ್ಮ ಬಸ್ಸು ಆಮೆಯಂತೆ ತೆವಳುವಾಗ ನಾನು ಕಿಟಕಿ ಪಕ್ಕದ ಸೀಟಿನಲ್ಲಿ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು "ಹಿತ್ತಲಕ ಹೋಗ! ಹಿತ್ತಲಕ!" ಎಂದು ಕೂಗುತ್ತಿದ್ದೆ. ಪಕ್ಕದ ಸೀಟು ಪ್ಯಾಕಿಂಗ್ ವಿಭಾಗದ ಅಪ್ಪಲನಾಯ್ಡು ಅವರದು. ಶ್ರೀಕಾಕುಳಂ ಕಡೆಯ ಮನುಷ್ಯ, ಬಾಯಿ ಸುಮ್ಮನಿರುವುದಿಲ್ಲ. ನಾನು ಮೊಬೈಲು ತೊಡೆಯ ಮೇಲೆ ಕುಕ್ಕಿದಾಗಲೆಲ್ಲ "ಏಟಿ ಸಾರೂ, ಮಳ್ಳೀ ಪೋಯಾರಾ?" ಎಂದು ಕೇಳುತ್ತಿದ್ದರು. ಏನು ಸಾರ್, ಮತ್ತೆ ಹೋದಿರಾ, ಅಂತ. ಮನೆಯಲ್ಲಿ ಯಾರೋ ತೀರಿಕೊಂಡವರನ್ನು ವಿಚಾರಿಸುವ ಧಾಟಿಯಲ್ಲೇ ಕೇಳುತ್ತಿದ್ದುದರಿಂದ ನನಗೆ ಇನ್ನಷ್ಟು ಸಂಕಟವಾಗುತ್ತಿತ್ತು.

ಈ ಆಟಕ್ಕೆ ನಾನು ಬಿದ್ದದ್ದು ಮಗಳ ಸಲುವಾಗಿ. ಸಹನಾ ಹುಟ್ಟಿದ್ದು ಬೆಳೆದದ್ದು ಎಲ್ಲ ಇಲ್ಲೇ. ಈಗ ವಿಜಯವಾಡದ ಹಾಸ್ಟೆಲಿನಲ್ಲಿದ್ದುಕೊಂಡು ಸಿ.ಎ. ಓದುತ್ತಿದ್ದಾಳೆ. ಅವಳಿಗೆ ಸಿಟ್ಟು ಬಂದರೆ ತೆಲುಗು, ನಗು ಬಂದರೆ ತೆಲುಗು, ಕನಸು ಬೀಳುವುದೂ ತೆಲುಗಿನಲ್ಲೇ ಇರಬೇಕು. ಕನ್ನಡ ಅಂದರೆ ಅವಳ ಪಾಲಿಗೆ ಅಪ್ಪ ಅವ್ವನ ಫೋನಿಗೆ ಉತ್ತರ ಕೊಡುವ ಭಾಷೆ. "ಉಂಡ್ಯಾ?" "ಊಂ." "ಓದಾಕತ್ತೀಯಿಲ್ಲೋ?" "ಊಂ ಪಪ್ಪಾ." "ಮತ್ತೇನ್ ಸುದ್ದಿ?" "ಏಮೀ ಇಲ್ಲ. ಇಡ್ಲಾ?" ಮುಗಿಯಿತು. ಫೋನ್ ಇಟ್ಟ ಮೇಲೆ ನಾನು ಹಾಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲಿಗೆ ಓಡಾಡುತ್ತಿದ್ದೆ. ಹೆತ್ತ ಮಗಳ ಜೊತೆ ನಾಲ್ಕು ಮಾತು ಆಡಲಾಗದ ಮೇಲೆ ಲ್ಯಾಬಿನ ಸಾವಿರ ದಾಖಲೆಗಳಲ್ಲಿ ತಪ್ಪು ಹುಡುಕಿ ಏನು ಬಂತು? ಒಂದು ಸಂಜೆ ಅವಳೇ ಫೋನ್ ಮಾಡಿ, "ಪಪ್ಪಾ, ನಾ ಆಡೂ ಮೊಬೈಲ್ ಆಟದಾಗ ನನ್ನ ಪಾರ್ಟ್ನರ್ ಫೋನ್ ಕೆಟ್ಟೈತಿ. ಜೋಡಿ ಇಲ್ಲಾಂದ್ರ ಒಳಗ ಬಿಡೂದಿಲ್ಲ. ನೀವು ಸುಮ್ನ ಬಂದು ನಿಂತ್ರೂ ಸಾಕು" ಎಂದಳು. ಸುಮ್ಮನೆ ನಿಲ್ಲುವುದು ನನ್ನಿಂದ ಆಗದ ಕೆಲಸ ಎಂದು ಅವಳಿಗೆ ಮರೆತಿತ್ತು. ಅವಳೇ ನನ್ನ ಹೆಸರಿನಲ್ಲಿ ಖಾತೆ ತೆರೆದು "ಪರವಾಡ ಪಾಟೀಲ" ಎಂದು ನಾಮಕರಣ ಮಾಡಿದಳು.

ಆಟ ನಡೆಯುತ್ತಿದ್ದುದು ಆಂಧ್ರದ ಹುಡುಗರೇ ಅಂತರ್ಜಾಲದಲ್ಲಿ ಕಟ್ಟಿಕೊಂಡ ಒಂದು 'ಕೋಣೆ'ಯಲ್ಲಿ. ದಿನಾ ಸಂಜೆ ಅದೇ ಜನ ಸೇರುತ್ತಿದ್ದರು. ಅಲ್ಲಿ ಮಾತಾಡಿದರೆ ನಮ್ಮ ಜೊತೆಗಾರರಿಗಷ್ಟೇ ಅಲ್ಲ, ಹತ್ತಿರ ಸುಳಿಯುವ ಶತ್ರುಗಳಿಗೂ ಕೇಳುತ್ತದೆ. ಗುಟ್ಟಾಗಿ ಮಾತಾಡುವ ಸೌಲಭ್ಯವನ್ನು ಬೇಕೆಂದೇ ತೆಗೆದಿದ್ದರು, ಅದರಲ್ಲೇ ಮಜಾ ಅಂತ. ಮೊದಲನೇ ದಿನ ನಾನು ಗಾಬರಿಬಿದ್ದು "ಏ ಸಹನಾ, ಪಾವಟಿಗಿ ಬುಡಕ ಒಬ್ಬಾವ ಅಡಕೊಂಡ ಕುಂತಾನ ನೋಡ!" ಎಂದು ನವಲಗುಂದದ ಕಂಠದಲ್ಲಿ ಒದರಿದೆ. ಮೆಟ್ಟಿಲ ಕೆಳಗೆ ಕೂತವನು ಕದಲಲೇ ಇಲ್ಲ, ಪಾಪ, ತನ್ನ ಸುದ್ದಿಯೇ ನಡೆದಿದೆಯೆಂದು ಅವನಿಗೆ ತಿಳಿಯಲಿಲ್ಲ. ಸಹನಾ ಅವನನ್ನು ಆರಾಮಾಗಿ ಹೊಡೆದಳು. ಆಮೇಲೆ "ಪಪ್ಪಾ! ಇವರಿಗೆ ನಮ್ಮ ಕನ್ನಡ ತಿಳಿಯೂದಿಲ್ಲ!" ಎಂದು ಕಿರುಚಿದಳು. ನನ್ನ ಕೆಲಸ ಕಾಯಂ ಆಯಿತು.

ಕನ್ನಡವನ್ನು ಗುಟ್ಟಿನ ಭಾಷೆಯಾಗಿ ಬಳಸುವುದು ಇಲ್ಲಿರುವ ನಮ್ಮಂಥವರಿಗೆಲ್ಲ ಹಳೆಯ ರೂಢಿ. ಅಂಗಡಿಯಲ್ಲಿ, ರೈಲಿನಲ್ಲಿ, ಡಾಕ್ಟರ ಮುಂದೆ, ಎಲ್ಲಾ ಕಡೆ ನಾವು ರಾಜಾರೋಷವಾಗಿ ಗುಟ್ಟು ಮಾತಾಡುತ್ತೇವೆ. ಅದು ಒಮ್ಮೆಯೂ ಫಲಿಸಿದ್ದಿಲ್ಲ ಎಂಬುದು ಬೇರೆ ಮಾತು. ಒಮ್ಮೆ ರೈತು ಬಜಾರಿನಲ್ಲಿ ಸುಮಂಗಲಾ ನನಗೆ ಕನ್ನಡದಲ್ಲಿ "ಬದನಿಕಾಯಿ ಹುಳಕ ಅದಾವ, ಈಕಿ ಮಾರಿ ನೋಡಿದ್ರ ಮೋಸಗಾರ್ತಿ ಕಂಡಂಗ ಕಾಣ್ತಾಳ, ಮುಂದ ನಡೀರಿ" ಎಂದಳು. ತರಕಾರಿಯಾಕೆ ಒಂದು ಬದನೆಕಾಯಿಯನ್ನು ಮುರಿದು ತೋರಿಸಿ, ತೆಲುಗಿನಲ್ಲೇ, ಹುಳ ಎಲ್ಲಿದೆ ತೋರಿಸಮ್ಮಾ, ನನ್ನ ಮುಖದ ವಿಚಾರ ಆಮೇಲೆ ನೋಡೋಣ ಎಂದಳು. ತೆಲುಗಿಗೂ ಕನ್ನಡಕ್ಕೂ ನಡುವೆ ಇರುವುದು ಅಡ್ಡಗೋಡೆಯಲ್ಲ, ಬಟ್ಟೆಯ ಪರದೆ. ಅದಕ್ಕೇ ಆಟದಲ್ಲಿ ನಾವು ಎಚ್ಚರ ವಹಿಸಿದೆವು. ಗೋಡೆ, ಮೆಟ್ಟಿಲು, ಮೂಲೆ ಇವೆಲ್ಲ ಅವರಿಗೂ ತಿಳಿಯುವ ಮಾತುಗಳು, ಬೇಡ. ಮೆಟ್ಟಿಲಿಗೆ ಪಾವಟಿಗಿ. ಮುಂದಿನ ಕೋಣೆಗೆ ಪಡಸಾಲಿ. ಸ್ನಾನದ ಮನೆಗೆ ಬಚ್ಚಲ. ಸಹನಾಗೆ ಈ ಶಬ್ದಗಳು ಗೊತ್ತಿರಲಿಲ್ಲ. ದಿನಾ ಹಗಲು ಮೆಸೇಜು ಮಾಡಿ ಕೇಳತೊಡಗಿದಳು: "ಪಪ್ಪಾ, ಟೆರೇಸಿಗೆ ಏನಂತಾರ?" "ಮಾಳಗಿ." "ಕಂಪೌಂಡ್ ಹತ್ತಿ ಜಿಗಿಯೂದಕ್ಕ?" ಇಪ್ಪತ್ತು ವರ್ಷ ನಾನೂ ಸುಮಂಗಲಾ ಕೂಡಿ ಕಲಿಸಲಾಗದ ಕನ್ನಡವನ್ನು ಅವಳು ಜನರನ್ನು ಹೊಡೆಯುವ ಸಲುವಾಗಿ ತಾನಾಗಿ ಕಲಿತಳು. ಆಟ ಮುಗಿದ ಮೇಲೂ ಮಾತು ನಿಲ್ಲುತ್ತಿರಲಿಲ್ಲ. ಮೆಸ್ಸಿನ ಸಾಂಬಾರು, ರೂಮ್‌ಮೇಟಿನ ಗೊರಕೆ, ಪರೀಕ್ಷೆಯ ಹೆದರಿಕೆ ಎಲ್ಲ ಬಸ್ಸು ಗಾಜುವಾಕ ಮುಟ್ಟುವವರೆಗೂ ನನ್ನ ಕಿವಿಗೆ ಬೀಳುತ್ತಿತ್ತು. ನನ್ನ ಬಲಗಾಲು ಅಲುಗುವುದನ್ನು ಮರೆತ ದಿನಗಳು ಅವು.

ಆಗ ಬಂದರು ಆವಕಾಯ ಗಾರು. ಉಪ್ಪಿನಕಾಯಿಯ ಹೆಸರಿಗೆ ಮರ್ಯಾದೆಯ 'ಗಾರು' ಬೇರೆ. ಒಬ್ಬರೇ ಆಡುವವರು. ಜೊತೆಗಾರನ ಜಾಗದಲ್ಲಿ ಏನೂ ಮಾಡದೆ ನಿಂತಿರುವ ಒಂದು ಹೆಸರು ಇತ್ತು, ಅಷ್ಟೆ. ಮಾತೇ ಆಡುತ್ತಿರಲಿಲ್ಲ. ಆದರೆ ನಾವು ಎಲ್ಲಿ ಅಡಗಿದರೂ ಅಲ್ಲಿಗೇ ಬರುತ್ತಿದ್ದರು. ನಾನು ಬಚ್ಚಲಲ್ಲಿ ಕೂತರೆ ಬಚ್ಚಲ ಕಿಟಕಿಯಿಂದ ಗುಂಡು. ಸಹನಾ ಮಾಳಿಗೆಯ ಮೇಲೆ ಮಲಗಿದರೆ ನೆಟ್ಟಗೆ ಮಾಳಿಗೆಗೆ ಬಾಂಬು. ಉಳಿದ ಹತ್ತಾರು ಜೋಡಿಗಳನ್ನು ಬಿಟ್ಟು ನಮ್ಮನ್ನೇ ಹುಡುಕಿಕೊಂಡು ಬರುತ್ತಿದ್ದರು, ಹಬ್ಬದ ಊಟಕ್ಕೆ ಬರುವ ನೆಂಟರ ಹಾಗೆ. ಒಂದು ದಿನ, ಎರಡು ದಿನ ಕಾಕತಾಳೀಯ ಎನ್ನಬಹುದು. ವಾರಗಟ್ಟಲೆ ಹೀಗೇ ಆದಾಗ ಲ್ಯಾಬಿನ ಹುಡುಗರಿಗೆ ಕೇಳುವ ಪ್ರಶ್ನೆಯನ್ನೇ ಕೇಳಿಕೊಂಡೆ. ಇಷ್ಟು ಚೆನ್ನಾಗಿ ಹೇಗೆ ಬರುತ್ತದೆ? ಅಪ್ಪಲನಾಯ್ಡು ಅವರೇ ವಿವರಿಸಿದರು. ಗೋಡೆಯಾಚೆ ಇರುವವರನ್ನು ಕಾಣಿಸುವ ಕಳ್ಳ ಸಾಫ್ಟ್‌ವೇರು ಸಿಗುತ್ತದಂತೆ. ಅವರ ಸೋದರಳಿಯನ ಹತ್ತಿರವೂ ಇದೆಯಂತೆ. "ಮೀರೂ ವೇಸೇಯಂಡಿ ಸಾರೂ," ನೀವೂ ಹಾಕಿಕೊಂಡುಬಿಡಿ ಎಂದರು. ನಾನು ಅವರಿಗೆ ಬಸ್ಸು ನಮ್ಮ ಸ್ಟಾಪು ಮುಟ್ಟುವವರೆಗೂ ಪ್ರಾಮಾಣಿಕತೆಯ ಮೇಲೆ ಭಾಷಣ ಮಾಡಿದೆ. ಅವರು ಮೆಲ್ಲಗೆ ನಿದ್ದೆ ಹೋದರು.

ಆ ಕೋಣೆಯಲ್ಲಿ ಕಳ್ಳರಿಗೇನೂ ಕೊರತೆಯಿರಲಿಲ್ಲ. ಒಬ್ಬ ಜೀಪನ್ನು ಆಕಾಶದಲ್ಲಿ ಹಾರಿಸುತ್ತಿದ್ದ. ಎಲ್ಲರೂ ತಲೆಯೆತ್ತಿ ನೋಡುತ್ತಿದ್ದರು, ಅವನು ಮೇಲಿನಿಂದ ಹಾರ್ನ್ ಬಾರಿಸುತ್ತಿದ್ದ. ಇನ್ನೊಬ್ಬನಿಗೆ ಎಷ್ಟು ಗುಂಡು ಹೊಡೆದರೂ ಸಾವಿಲ್ಲ, ಚಿರಂಜೀವಿ. ಆಟದ ಕಂಪನಿಯವರು ಇದಕ್ಕೆಲ್ಲ ಮದ್ದಾಗಿ ಒಂದು ಗುಂಡಿ ಇಟ್ಟಿದ್ದರು: ದೂರು ಕೊಡಿ. ಒತ್ತಿದರೆ ಆ ಕ್ಷಣವೇ ಉತ್ತರ: "ಧನ್ಯವಾದ, ನಿಮ್ಮ ದೂರು ನಮಗೆ ಅಮೂಲ್ಯ." ಅಮೂಲ್ಯವಾದದ್ದನ್ನು ಎಲ್ಲರೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರಲ್ಲ, ಅವರೂ ಹಾಗೇ ಮಾಡುತ್ತಿದ್ದರೆಂದು ಕಾಣುತ್ತದೆ. ನಾನು ಬಿಡುವವನೇ? ಕಾರ್ಖಾನೆಯಲ್ಲಿ ಒಂದು ಮಾತ್ರೆಯ ಬಣ್ಣ ಸ್ವಲ್ಪ ಮಾಸಿದರೆ ಹೇಗೆ ತನಿಖೆ ಮಾಡುತ್ತೇವೋ ಹಾಗೇ ತನಿಖೆ ಮಾಡಿದೆ. ಘಟನೆಯ ವಿವರ, ಸಂಭವನೀಯ ಕಾರಣ, ಮೂಲ ಕಾರಣ, ಮತ್ತೆ ಆಗದಂತೆ ತೆಗೆದುಕೊಳ್ಳಬೇಕಾದ ಕ್ರಮ, ಜೊತೆಗೆ ನಾನು ಸತ್ತ ವಿಡಿಯೋಗಳು. 'ಮೂಲ ಕಾರಣ' ಎಂಬಲ್ಲಿ ಕಣ್ಣುಮುಚ್ಚಿ ಬರೆದೆ: ಆರೋಪಿಯು ಗೋಡೆಯಾಚೆ ನೋಡುತ್ತಾನೆ. ಬೇರೆ ಕಾರಣ ಇರಬಹುದೇ ಎಂದು ಕೇಳಿಕೊಳ್ಳಬೇಕೆಂಬುದು ನಮ್ಮ ವಿಭಾಗದ ಮೊದಲನೇ ಪಾಠ. ಲ್ಯಾಬಿನ ಹುಡುಗರಿಗೆ ಅದನ್ನು ಕಲಿಸುವವನೂ ನಾನೇ. ಆದರೆ ದಿನಾ ಮಗಳೆದುರು ಬಚ್ಚಲಲ್ಲಿ ಸಾಯುವವನಿಗೆ ಪಾಠ ನೆನಪಿರುವುದಿಲ್ಲ. ವರದಿ ಕಳಿಸಿದೆ. ಉತ್ತರ ಬಂತು: "ಧನ್ಯವಾದ, ನಿಮ್ಮ ದೂರು ನಮಗೆ ಅಮೂಲ್ಯ."

ಅಷ್ಟರಲ್ಲಿ ಸಹನಾಳ ಸಹನೆ ತೀರಿತ್ತು. "ಪಪ್ಪಾ, ದಿನಾ ನಾವ ಫಸ್ಟ್ ಸಾಯ್ತೀವಿ. ಎಲ್ಲಾರೂ ನಗಾಕತ್ತಾರ. ಈ ವಾರ ನೋಡ್ತೀನಿ, ಇಲ್ಲಾಂದ್ರ ಹಾಸಿನಿ ಜೋಡಿ ಆಡ್ತೀನಿ. ಆಕಿ ಮಸ್ತ್ ಆಡ್ತಾಳ" ಎಂದಳು. ಹಾಸಿನಿ ಅಂದರೆ ಅವಳ ರೂಮ್‌ಮೇಟು, ಗೊರಕೆಯವಳು. ಒಳ್ಳೆಯ ಹುಡುಗಿ, ಆದರೆ ತೆನಾಲಿಯವಳು, ಅಚ್ಚ ತೆಲುಗು. ಅವಳ ಜೋಡಿ ಆಡಿದರೆ ಪಾವಟಿಗಿ ಹೋಯಿತು, ಪಡಸಾಲಿ ಹೋಯಿತು, ನಾನು ಮತ್ತೆ "ಉಂಡ್ಯಾ?" "ಊಂ" ಎಂಬಲ್ಲಿಗೆ ಬಂದೆ. ಆ ದಿನ ಮನೆಗೆ ಬಂದು ಬಾಲ್ಕನಿಗೆ ಎಷ್ಟು ಸಲ ಹೋಗಿ ಬಂದೆನೋ. "ಒಂದ ಕಡೆ ಕುಂಡರ್ರಿ, ನಿಮ್ಮನ್ನ ನೋಡಿ ನನಗ ತಲಿ ತಿರಗಾಕತ್ತೈತಿ" ಎಂದಳು ಸುಮಂಗಲಾ. ವಿಷಯ ಹೇಳಿದೆ. ಅವಳೂ ನನ್ನ ಹಿಂದೆ ಬಾಲ್ಕನಿಗೆ ಬಂದಳು. ಮಗಳ ಮಾತಿನ ರುಚಿ ಅವಳಿಗೂ ಹತ್ತಿತ್ತು. ನಾನು ಆಡುವಾಗ ಎಷ್ಟೋ ಸಲ ರಜೆಯ ದಿನ ಅವಳು ನನ್ನ ಒಂದು ಕಿವಿಯ ಇಯರ್‌ಫೋನ್ ಕಿತ್ತುಕೊಂಡು ತನ್ನ ಕಿವಿಗೆ ಇಟ್ಟುಕೊಳ್ಳುತ್ತಿದ್ದಳು.

ಮರುದಿನ ಬಸ್ಸಿನಲ್ಲಿ ನನ್ನ ಮುಖ ನೋಡಿ ಅಪ್ಪಲನಾಯ್ಡು ಕಾರಣ ಕೇಳಿದರು, ಹೇಳಿದೆ. ಅವರು ನಕ್ಕರು. ಆ ಕಂಪನಿಯವರು ವರದಿ ಓದುವುದಿಲ್ಲ ಸಾರ್, ಎಷ್ಟು ಜನ ದೂರಿದರು ಅಂತ ಎಣಿಸುತ್ತಾರೆ ಅಷ್ಟೆ. ಒಂದೇ ದಿನ ಒಬ್ಬನ ಮೇಲೆ ರಾಶಿ ದೂರು ಬಿದ್ದರೆ ಯಂತ್ರವೇ ಅವನನ್ನು ಹೊರಗೆ ಹಾಕುತ್ತದೆ, ನನ್ನ ಸೋದರಳಿಯನೇ ಹೇಳಿದ್ದು ಎಂದರು. ಹೇಳಿ ಸುಮ್ಮನಾಗಲಿಲ್ಲ. ಎದ್ದು ನಿಂತು, ಕಂಬಿ ಹಿಡಿದುಕೊಂಡು, ಬಸ್ಸಿನವರಿಗೆಲ್ಲ ನನ್ನ ಕಷ್ಟವನ್ನು ಬಿಡಿಸಿ ಹೇಳಿದರು. ನಮ್ಮ ಪಾಟೀಲ್ ಗಾರಿ ಮಗಳನ್ನು ಯಾವನೋ ಮೋಸಗಾರ ದಿನಾ ಹೊಡೆಯುತ್ತಿದ್ದಾನೆ ಎಂದು ಅವರು ಹೇಳಿದ ರೀತಿಗೆ ಹಿಂದಿನ ಸೀಟಿನ ಇಬ್ಬರು ತೋಳು ಏರಿಸಿದರು. ಮುಂದೆ ಲಾರಿ ಸಾಲು ನಿಂತಿತ್ತು, ಯಾರಿಗೂ ಬೇರೆ ಕೆಲಸವಿರಲಿಲ್ಲ. ಬಾಯ್ಲರಿನವರು, ಗೋದಾಮಿನವರು, ನಮ್ಮ ಲ್ಯಾಬಿನವರು, ಇಡೀ ಬಸ್ಸು ಆಟ ಇಳಿಸಿಕೊಂಡು, ಆವಕಾಯ ಗಾರುವನ್ನು ಹುಡುಕಿ, ಗುಂಡಿ ಒತ್ತಿತು. ಜನ್ಮದಲ್ಲಿ ಆಟ ಆಡದವರೂ "ಇವನು ನನಗೆ ಮೋಸ ಮಾಡಿದ" ಎಂದು ಒತ್ತಿದರು. ಇದು ಸರಿಯೇ ಎಂದು ಒಳಗೆ ಒಂದು ಸಣ್ಣ ದನಿ ಕೇಳಿತು. ಇದು ಮೋಸವಲ್ಲ, ಜನಾಭಿಪ್ರಾಯ ಎಂದು ಅದಕ್ಕೆ ಸಮಾಧಾನ ಹೇಳಿದೆ.

ವಾರ ತುಂಬುವ ಮೊದಲೇ ಕಂಪನಿಯಿಂದ ಸುದ್ದಿ ಬಂತು. ಕೂಲಂಕಷ ಪರಿಶೀಲನೆಯ ನಂತರ ಆವಕಾಯ ಗಾರು ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ. ಕೂಲಂಕಷ! ಹಾರುವ ಜೀಪಿನವನು ಆ ಹೊತ್ತಿಗೂ ನಮ್ಮ ತಲೆಯ ಮೇಲೆ ಹಾರ್ನ್ ಬಾರಿಸುತ್ತಿದ್ದ, ಅವನ ಕೂದಲೂ ಕೊಂಕಿರಲಿಲ್ಲ. ಇರಲಿ, ನನಗೇನು. ಮಾಡುಗುಲದ ಹಲ್ವಾ ತರಿಸಿ ಬಸ್ಸಿನವರಿಗೆಲ್ಲ ಹಂಚಿದೆ. ಸತ್ಯಕ್ಕೆ ಯಾವತ್ತಿದ್ದರೂ ಜಯ ಎಂದು ಅಪ್ಪಲನಾಯ್ಡು ಅವರಿಗೆ ಹೇಳಿದೆ. ಅವರು ಎರಡನೇ ತುಂಡು ತೆಗೆದುಕೊಳ್ಳುತ್ತ ತಲೆಯಾಡಿಸಿದರು.

ಮರುದಿನ ಸಂಜೆ ನಾವು ಧೈರ್ಯವಾಗಿ ಇಳಿದೆವು. ನಾನು ಅಭ್ಯಾಸಬಲದಿಂದ ಬಚ್ಚಲಲ್ಲೇ ಕೂತೆ. ಯಾರೋ ಹೊಸಬರು ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಬಂದೂಕಿಲ್ಲ. ಸಹನಾ ಹೊಡೆಯಲು ಹೊರಟಿದ್ದಳು, ಅಷ್ಟರಲ್ಲಿ ಕಿವಿಯಲ್ಲಿ ಒಂದು ಹೆಣ್ಣು ದನಿ:

"ಏ ತಂಗಿ, ಹೊಡಿಬ್ಯಾಡ, ನಿಂದರು. ನಿಮ್ಮ ಪಪ್ಪಾರು ಬಚ್ಚಲದಾಗ ಕುಂತಾರಲಾ, ಹೊರಗ ಬರಾಕ ಹೇಳ. ಅವರಿಗೆ ಒಂದ ಮಾತ ಕೇಳೂದೈತಿ."

ಬಸ್ಸಿನಲ್ಲಿ ನಾನು ಸೀಟು ಬಿಟ್ಟು ಎದ್ದು ನಿಂತೆ. ಅದು ಕನ್ನಡ. ಬರೀ ಕನ್ನಡವಲ್ಲ, ನಮ್ಮ ಕಡೆಯ ಕನ್ನಡ, ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಕಿವಿಗೆ ಬೀಳುವಂಥದು.

"ನಾನ್ರೀ, ಆವಕಾಯ. ಹೊಸಾ ಹೆಸರ ತಗೊಂಡ ಬಂದೀನಿ, ಹಳೇದು ಮುಚ್ಚ್ಯಾರಲಾ. ನಾ ಗ್ವಾಡಿ ಹಾಯ್ದು ನೋಡ್ತೀನಿ ಅಂತ ಬರದೀರಂತ, ನೀವ ಮಗಳಿಗೆ ಹೇಳೂದ ಕೇಳೀನಿ. ನಾ ಎಲ್ಲಿ ನೋಡೀನ್ರೀ? ನೀವ ಒದರತಿದ್ರಿ, 'ಸಹನಾ, ನಾ ಬಚ್ಚಲದಾಗ ಅದೀನಿ, ನೀ ಮಾಳಗಿ ಹತ್ತು' ಅಂತ. ನೀವ ಹೇಳಿದಲ್ಲಿಗೆ ನಾ ಬಂದೆ. ಇದ್ರಾಗ ಮೋಸ ಏನ ಬಂತು?"

ನಾನು ಬಚ್ಚಲಿನಿಂದ ಹೊರಗೆ ಬಂದೆ. ಸಹನಾಳೇ ಕೇಳಿದಳು, "ಮತ್ತ ಆಂಟೀ, ಎಲ್ಲಾರನೂ ಬಿಟ್ಟು ನಮ್ಮನ್ನ ಯಾಕ ಹೊಡಿತಿದ್ರಿ?"

"ಆಟ ಅಂದಮ್ಯಾಲ ಹೊಡಿಬೇಕಲ್ಲವಾ! ಸುಮ್ನ ಬಾಜೂಕ ನಿಂತ್ರ ನೀವ ಹೊಡಿತಿದ್ರಿ. ನಾ ಬರ್ತಿದ್ದುದು ನಿಮ್ಮ ಮಾತ ಕೇಳಾಕ."

ಆಮೇಲೆ ಅವರು ತಮ್ಮ ಕಥೆ ಹೇಳಿದರು. ಬಂದೂಕು ಹಿಡಿದ ನಾವಿಬ್ಬರು, ಬಂದೂಕಿಲ್ಲದ ಅವರು, ಪಾಳುಮನೆಯ ಬಚ್ಚಲ ಬಾಗಿಲಲ್ಲಿ. ಹೆಸರು ಗಿರಿಜಾ. ತವರು ಗಜೇಂದ್ರಗಡ, ನೇಕಾರರ ಮನೆ. ಕೊಟ್ಟದ್ದು ಮಂಗಳಗಿರಿಗೆ, ಅಲ್ಲಿಯೂ ಮಗ್ಗದ ಮನೆತನವೇ, ಈಗ ಸೀರೆ ಅಂಗಡಿ. ಮದುವೆಯಾಗಿ ಬಂದಾಗ ತೆಲುಗು ಬಾರದೆ ಅತ್ತಿದ್ದರಂತೆ. ಈಗ ಕನ್ನಡ ಮಾತಾಡುವವರಿಲ್ಲ. ಗಂಡನಿಗೆ ಬರುವುದಿಲ್ಲ, ಮಕ್ಕಳಿಗೆ ಬೇಕಿಲ್ಲ, ತವರಿನಲ್ಲಿ ಅವ್ವ ಹೋದ ಮೇಲೆ ಫೋನೂ ಕಡಿಮೆ. ಸಂಜೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ಮಗನ ಆಟವನ್ನು ಆಡುತ್ತ ಕೂತಿದ್ದಾಗ ಯಾರೋ ಪಕ್ಕದ ಕೋಣೆಯಿಂದ "ಪಾವಟಿಗಿ" ಎಂದರಂತೆ. "ಪಾವಟಿಗಿ ಅನ್ನೂದ ಕೇಳಿ ನನಗ ಕಣ್ಣಾಗ ನೀರ ಬಂತ್ರೀ ಅಣ್ಣಾರ. ಅವತ್ತಿಂದ ದಿನಾ ನಿಮ್ಮ ಹಿಂದ ತಿರಗೀನಿ. ಮಾತಾಡಿದ್ರ ನೀವು ಎಚ್ಚರ ಆಗಿ ಸುಮ್ನ ಆಕ್ಕೀರಿ ಅಂತ ಬಾಯಿ ಬಿಡಲಿಲ್ಲ. ಗ್ವಾಡಿಗೂ ಕಿವಿ ಇರ್ತಾವ ಅಂತಾರಲಾ, ನಾನ ಆ ಕಿವಿ ಆಗಿದ್ದೆ."

ಭೂಮಿ ಬಾಯಿಬಿಟ್ಟರೆ ಇಳಿದುಬಿಡೋಣ ಎನಿಸಿತು. ಆದರೆ ನಾನು ಇದ್ದದ್ದು ಬಸ್ಸಿನಲ್ಲಿ, ಕೆಳಗೆ ಡೀಸೆಲ್ ಟ್ಯಾಂಕು. ಇಡೀ ಆಟದಲ್ಲಿ ಮೋಸ ಮಾಡದೆ ಆಡಿದ ಒಬ್ಬರೇ ಒಬ್ಬರನ್ನು ನಾನು ಹಲ್ವಾ ಹಂಚಿ ಹೊರಗೆ ಹಾಕಿಸಿದ್ದೆ. ಅವರ ಹತ್ತಿರ ಯಾವ ಕಳ್ಳ ಸಾಫ್ಟ್‌ವೇರೂ ಇರಲಿಲ್ಲ. ಕಳ್ಳ ದಾರಿ ಹಿಡಿದವನು ನಾನು, ಬಸ್ಸು ತುಂಬ ಸುಳ್ಳು ಸಾಕ್ಷಿ ಕೂಡಿಸಿದವನು. "ತಪ್ಪಾತ್ರೀ ತಂಗಿ" ಎಂದೆ. "ಇರಲಿ ಬಿಡ್ರಿ. ಇವತ್ತ ಅತಿಥಿ ಅಂತ ಬಿಟ್ಟಾರ. ನಾಳೆಯಿಂದ ಹೊಸಾ ನಿಯಮ, ಹೊಸಬರು ಈ ಕೋಣಿಗೆ ಬರೂಹಂಗಿಲ್ಲ, ಕೆಳಗಿನ ಹಂತದಿಂದ ಏರಿಕೋತ ಬರಬೇಕಂತ. ನನಗೆಲ್ಲಿ ಅಷ್ಟ ಪುರುಸೊತ್ತು? ಒಂದ ಮಾತ ಹೇಳಿ ಹೋಗೋಣಂತ ಬಂದೆ" ಎಂದರು ಅವರು. ಬೈದಿದ್ದರೆ ಸುಲಭವಿತ್ತು.

ಆ ವಾರವೆಲ್ಲ ಕಂಪನಿಗೆ ಬರೆದೆ. ಆರೋಪಿ ನಿರಪರಾಧಿ, ಆಕೆ ನೋಡಿದ್ದಲ್ಲ ಕೇಳಿದ್ದು, ತಪ್ಪು ದೂರುದಾರನ ಗಂಟಲಿನದು ಎಂದು ಸಾಕ್ಷಿ ಸಮೇತ ಬರೆದೆ. "ಧನ್ಯವಾದ, ನಿರ್ಧಾರ ಶಾಶ್ವತ" ಎಂದು ಉತ್ತರ ಬಂತು. ಬಸ್ಸಿನವರಿಗೆ ಒತ್ತಿದ ಗುಂಡಿಯನ್ನು ವಾಪಸು ಒತ್ತಿ ಎಂದು ಕೇಳಿದೆ. ಹೊರಗೆ ಹಾಕುವುದಕ್ಕೆ ಗುಂಡಿ ಉಂಟು, ಒಳಗೆ ಕರೆಯುವುದಕ್ಕೆ ಇಲ್ಲ.

ಕೊನೆಗೆ ಸಹನಾ ಫೋನ್ ಮಾಡಿದಳು. "ಪಪ್ಪಾ, ಗಿರಿಜಾ ಆಂಟಿ ಅಕೌಂಟ್ ಹೋಗಿದ್ದು ನಿಮ್ಮಿಂದ. ನಿಮ್ಮ ಅಕೌಂಟ್ ಅವರಿಗೆ ಕೊಡ್ರಿ." ನಮ್ಮ ಕಾರ್ಖಾನೆಯಲ್ಲಿ ಒಬ್ಬರ ಪಾಸ್‌ವರ್ಡ್ ಇನ್ನೊಬ್ಬರು ಬಳಸಿದರೆ ಮೆಮೊ ಕೊಡುವವನು ನಾನು. ಆಟದಲ್ಲೂ ಅದು ನಿಯಮಕ್ಕೆ ವಿರುದ್ಧ. ಅದನ್ನೇ ನೆಪ ಮಾಡಬಹುದಿತ್ತು. ನಿಜವಾದ ಸಂಕಟ ಬೇರೆ ಇತ್ತು. ಖಾತೆ ಕೊಟ್ಟರೆ ಸಂಜೆ ಮಗಳ ಪಕ್ಕದ ಜಾಗವನ್ನೂ ಕೊಟ್ಟಂತೆ, ಜೋಡಿಯಲ್ಲಿ ಮೂರನೆಯವರಿಗೆ ಜಾಗವಿಲ್ಲ. ಸಹನಾ ಅವತ್ತೇ ಕೇಳಿಟ್ಟುಕೊಂಡಿದ್ದ ನಂಬರಿಗೆ ಫೋನ್ ಮಾಡಿ ಮೂವರೂ ಕೂಡಿ ಮಾತಾಡಿದಾಗ ಗಿರಿಜಾ ಅವರೇ "ಬ್ಯಾಡ್ರಿ ಅಣ್ಣಾರ, ಮಗಳ ಜೋಡಿ ನೀವ ಆಡ್ರಿ" ಎಂದರು. ನಾನು ಸಹನಾ ಏನಾದರೂ ಹೇಳುತ್ತಾಳೇನೋ ಎಂದು ಕಾದೆ. ಹೂಂ, ಪಪ್ಪಾನೇ ಆಡಲಿ ಎಂದಿದ್ದರೆ ಸಾಕಿತ್ತು. "ಆಡ್ರಿ ತಂಗಿ, ಒಂದ ವಾರ ಆಡ್ರಿ" ಎಂದೆ.

ಆ ವಾರ ತಿಂಗಳು ಕಳೆದರೂ ಇನ್ನೂ ಮುಗಿದಿಲ್ಲ. ಗಿರಿಜಾ ಅವರ ಕೈಗೆ ಹೋದ ಮೇಲೆ ಪರವಾಡ ಪಾಟೀಲನ ಪರಾಕ್ರಮ ಹೇಳತೀರದು. ಮೊದಲು ಸಾಯುತ್ತಿದ್ದವನು ಈಗ ಕೊನೆಯವರೆಗೂ ನಿಂತು ಗೆಲ್ಲುತ್ತಾನೆ. ನಾನೇ ಗೆಲ್ಲುತ್ತಿದ್ದೇನೆಂದು ತಿಳಿದು ಬಸ್ಸಿನಲ್ಲಿ ನನಗೆ ಕೈಕುಲುಕುವವರಿದ್ದಾರೆ. ಸಹನಾಳ ಕನ್ನಡವಂತೂ ಎಲ್ಲಿಗೋ ಹೋಗಿದೆ. ದೀಪಾವಳಿಗೆ ಬಂದವಳು ಅಡುಗೆಮನೆಯಲ್ಲಿ ನಿಂತು ಅವಳವ್ವನಿಗೆ "ಯವ್ವಾ, ಹಂಗ ಗಡಬಡ ಮಾಡಬ್ಯಾಡ, ಹೋಳಗಿ ಹರಿತೈತಿ" ಎಂದಳು. ಸುಮಂಗಲಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನಗೂ ಸಂತೋಷವಾಯಿತು. ಹೊಟ್ಟೆಕಿಚ್ಚೂ ಆಯಿತು. ಎರಡೂ ಒಟ್ಟಿಗೆ ಆದದ್ದರಿಂದ ಬಾಲ್ಕನಿಗೆ ಹೋದೆ.

ಹಬ್ಬ ಮುಗಿದು ಅವಳು ವಿಜಯವಾಡಕ್ಕೆ ಹೋದ ಮೇಲೆ ನನಗೆ ಆಟದ ಕಂಪನಿಯಿಂದ ಪತ್ರ ಬಂತು. ನಿಮ್ಮ ಖಾತೆಯಲ್ಲಿ ಅಸಹಜ ಪ್ರಗತಿ ಕಂಡುಬಂದಿದೆ, ಖಾತೆ ತೆರೆದವರೇ ಆಡುತ್ತಿದ್ದಾರೆಯೇ ಎಂದು ಖಚಿತಪಡಿಸಿ, ಇಲ್ಲದಿದ್ದರೆ ಮುಚ್ಚಲಾಗುವುದು. ಜೀಪು ಹಾರಿಸುವವನು ಕಾಣಲಿಲ್ಲ, ಸಾಯದವನು ಕಾಣಲಿಲ್ಲ, ಕೊನೆಗೂ ಆ ಕುರುಡು ಯಂತ್ರದ ಕಣ್ಣಿಗೆ ಬಿದ್ದ ಮೊದಲನೇ ನಿಜವಾದ ಕಳ್ಳ ನಾನು! ಕೆಳಗೆ ಎರಡು ಗುಂಡಿ: 'ಹೌದು, ನಾನೇ', 'ಅಲ್ಲ'. ನಿಜ ಹೇಳಿದರೆ ಮಂಗಳಗಿರಿಯ ಆ ಸೀರೆ ಅಂಗಡಿಯಲ್ಲಿ ಮತ್ತೆ ಮೌನ, ವಿಜಯವಾಡದ ಹಾಸ್ಟೆಲಿನಲ್ಲಿ ಮತ್ತೆ ತೆಲುಗು. ಜೀವಮಾನವಿಡೀ ಊರಿನವರ ಸುಳ್ಳು ಹಿಡಿದ ಬೆರಳಿನಿಂದಲೇ 'ಹೌದು, ನಾನೇ' ಎಂದು ಒತ್ತಿದೆ. ಪ್ರಗತಿಗೆ ಕಾರಣ ಬರೆಯಿರಿ ಎಂದು ಒಂದು ಖಾಲಿ ಜಾಗವೂ ಇತ್ತು. "ಸತತ ಅಭ್ಯಾಸ ಮತ್ತು ಕುಟುಂಬದ ಸಹಕಾರ" ಎಂದು ಬರೆದೆ. ಲ್ಯಾಬಿನ ಹುಡುಗರು ಹೀಗೆ ಬರೆದು ತಂದಿದ್ದರೆ ಮುಖಕ್ಕೆ ಎಸೆಯುತ್ತಿದ್ದೆ. ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಒಪ್ಪಿಕೊಂಡಿತು.

ಖಾತೆ ಉಳಿಯಿತೋ ಇಲ್ಲವೋ ನೋಡೋಣವೆಂದು ಅದೇ ಸಂಜೆ ಬಸ್ಸಿನಲ್ಲಿ, ಖಾತೆಯಿಲ್ಲದೆ, ಬರೀ ನೋಡುಗನಾಗಿ ಆ ಕೋಣೆಗೆ ಹೋದೆ. ಆಟ ನಡೆದಿತ್ತು. ಇಬ್ಬರೂ ಒಂದು ಪಡಸಾಲೆಯಲ್ಲಿ ಕೂತು ಶತ್ರುಗಳಿಗಾಗಿ ಕಾಯುತ್ತ ಹರಟುತ್ತಿದ್ದರು. ಯಾವುದೋ ಮಾತಿಗೆ ಸಹನಾ ಹೇಳುತ್ತಿದ್ದಳು: "ನಮ್ಮ ಪಪ್ಪಾಗ ಆಟ ಒಂಚೂರೂ ಬರ್ತಿರಲಿಲ್ಲ ಆಂಟೀ. ಆದ್ರ ದಿನಾ ಬರ್ತಿದ್ರು ನೋಡ್ರಿ, ಒಂದ ದಿನಾನೂ ತಪ್ಪಿಸಲಿಲ್ಲ. ನನಗ ಗೊತ್ತಿತ್ತು, ಯಾಕ ಬರ್ತಾರಂತ." ಇಯರ್‌ಫೋನ್ ಒತ್ತಿ ಹಿಡಿದೆ. ಏನಾದರೂ ಹೇಳಬೇಕು ಎನಿಸಿತು, ಒಂದೇ ಒಂದು ಮಾತು. ಆದರೆ ನೋಡುಗರು ಮೈಕ್ ಬಳಸುವಂತಿಲ್ಲ, ಅದು ಆ ಕೋಣೆಯ ನಿಯಮ. ನಾನು ಸುಮ್ಮನೆ ಕೂತೆ. ನಿಯಮ ಮೀರುವ ಮನುಷ್ಯ ನಾನಲ್ಲ, ನಿಮಗೇ ಗೊತ್ತಲ್ಲ.